ಸಂಪಾದಕರ ಉತ್ತರ: ಮೊದಲು ಕೋಣೆ ಕೇಳಿ, ಆಮೇಲೆ ಸಂಬಳ

ಧಾರವಾಡದ ಕಡೆಯ ಓದುಗರೊಬ್ಬರ ಪತ್ರ ಬಂದಿದೆ. ಚಿತ್ರಕಲೆಯಲ್ಲಿ ಸ್ನಾತಕೋತ್ತರ ಪದವಿ ಮುಗಿಸಿ ಕೆಲವು ಪ್ರದರ್ಶನ ಮಾಡಿದ್ದಾರೆ. ಈಗ ಹೆಣ್ಣುಮಕ್ಕಳ ವಸತಿ ಶಾಲೆಯೊಂದರಿಂದ ಕಲಾ ಶಿಕ್ಷಕಿಯ ಹುದ್ದೆಗೆ ಕರೆ ಬಂದಿದೆ. ಶಾಲೆ ಸೇರಿದ ಕಲಾವಿದರ ಕೈ ಐದು ವರ್ಷದಲ್ಲಿ ಜಡ್ಡುಗಟ್ಟುತ್ತದೆ ಎಂದು ಗೆಳೆಯರು ಹೆದರಿಸುತ್ತಿದ್ದಾರಂತೆ. ಅದು ನಿಜವೇ, ಕರಾರಿನಲ್ಲಿ ಏನು ಬರೆಸಿಕೊಳ್ಳಬೇಕು, ಹಸಿ ಸುಣ್ಣದ ಗಾರೆಯ ಮೇಲಿನ ಭಿತ್ತಿಚಿತ್ರವನ್ನು ಹುಡುಗಿಯರಿಗೆ ಕಲಿಸಬಹುದೇ ಎಂದು ಕೇಳಿದ್ದಾರೆ. ಕೊನೆಯ ಪ್ರಶ್ನೆಗೆ ಉತ್ತರ ಕೊಟ್ಟರೆ ಮೊದಲೆರಡಕ್ಕೂ ಅರ್ಧ ಉತ್ತರ ಸಿಕ್ಕಂತೆ, ಆದ್ದರಿಂದ ಹೆಚ್ಚು ಜಾಗ ಅದಕ್ಕೇ.

ಗೆಳೆಯರ ಮಾತು ಪೂರ್ತಿ ಸುಳ್ಳಲ್ಲ. ಆದರೆ ಕೈ ಜಡ್ಡುಗಟ್ಟಿಸುವುದು ಪಾಠವಲ್ಲ. ವಾರ್ಷಿಕೋತ್ಸವದ ಪರದೆ, ಸ್ವಾಗತದ ಬ್ಯಾನರ್, ಪ್ರಮಾಣಪತ್ರದ ಮೇಲೆ ಹೆಸರು ಬರೆಯುವುದು, ರಂಗೋಲಿ ಸ್ಪರ್ಧೆಯ ತೀರ್ಪು, ಅದರ ಮೇಲೆ ಹಾಸ್ಟೆಲ್‌ನ ರಾತ್ರಿ ಓದಿನ ಕಾವಲು. ಇವೆಲ್ಲ ‘ಡ್ರಾಯಿಂಗ್ ಮೇಡಂ’ ತಲೆಗೇ ಬರುತ್ತವೆ, ಯಾವುದೂ ವೇಳಾಪಟ್ಟಿಯಲ್ಲಿ ಕಾಣುವುದಿಲ್ಲ.

ಇದಕ್ಕೆ ವಿರುದ್ಧವಾದ ಉದಾಹರಣೆ ರಾಜಸ್ಥಾನದ ಟೋಂಕ್ ಜಿಲ್ಲೆಯಲ್ಲಿದೆ. ಹೀರಾಲಾಲ್ ಶಾಸ್ತ್ರಿ, ರತನ್ ಶಾಸ್ತ್ರಿ ದಂಪತಿ 1935ರಲ್ಲಿ ಆರಂಭಿಸಿದ ಬನಸ್ಥಲಿ ವಿದ್ಯಾಪೀಠ ಹೆಣ್ಣುಮಕ್ಕಳ ವಸತಿ ಸಂಸ್ಥೆ. ಚಿತ್ರಕಾರ ದೇವಕಿನಂದನ್ ಶರ್ಮಾ ಅಲ್ಲಿ ದಶಕಗಳ ಕಾಲ ಕಲಿಸಿದರು. ಪಕ್ಷಿಗಳ, ಅದರಲ್ಲೂ ನವಿಲಿನ ಚಿತ್ರಗಳಿಗೆ ಹೆಸರಾದವರು. ಶಾಂತಿನಿಕೇತನದ ಹಿಂದಿ ಭವನದ ಗೋಡೆಯ ಮೇಲೆ ಮಧ್ಯಯುಗದ ಸಂತರನ್ನು ಚಿತ್ರಿಸಿ ಮುಗಿಸಿದ ಕೆಲವು ವರ್ಷಗಳ ನಂತರ, 1950ರ ದಶಕದ ಆರಂಭದಲ್ಲಿ, ಚಿತ್ರಕಾರ ಬಿನೋದ್ ಬಿಹಾರಿ ಮುಖರ್ಜಿಯವರೂ ಸ್ವಲ್ಪ ಕಾಲ ಬನಸ್ಥಲಿಯಲ್ಲಿ ಕಲಿಸಿದರು. ಜೈಪುರದ ಗಾರೆ ಭಿತ್ತಿಚಿತ್ರ ಅಲ್ಲಿ ತರಬೇತಿಯ ವಿಷಯವಾಯಿತು, ಕ್ಯಾಂಪಸ್ಸಿನ ಗೋಡೆಗಳೇ ಅಭ್ಯಾಸದ ಹಾಳೆಯಾದವು. ಗುರುವಿಗೆ ಕೆಲಸ ಮಾಡಲು ಗೋಡೆ ಸಿಕ್ಕಿತು, ಶಿಷ್ಯೆಯರಿಗೆ ಆ ಕೆಲಸ ನೋಡಲು ಸಿಕ್ಕಿತು. ನಿಮ್ಮ ಶಾಲೆಯಿಂದ ಕೇಳಬೇಕಾದದ್ದು ಇದನ್ನೇ.

ಹಸಿ ಗಾರೆಯ ಕೆಲಸ ದಿನದ ಶಾಲೆಯಲ್ಲಿ ಆಗದು. ನಲವತ್ತು ನಿಮಿಷದ ಪೀರಿಯಡ್ಡಿನಲ್ಲಿ ಗಾರೆ ಕಲಸಿ ಮುಗಿಯುವಷ್ಟರಲ್ಲಿ ಗಂಟೆ ಹೊಡೆಯುತ್ತದೆ. ವಸತಿ ಶಾಲೆಯಲ್ಲಿ ಶನಿವಾರ ಮಧ್ಯಾಹ್ನದಿಂದ ಭಾನುವಾರ ಸಂಜೆಯವರೆಗೆ ಮಕ್ಕಳು ಅಲ್ಲೇ ಇರುತ್ತಾರೆ. ಈ ಸವಲತ್ತನ್ನು ಬಳಸದೆ ಅಲ್ಲೂ ಎ-4 ಹಾಳೆಯ ಮೇಲೆ ಸೂರ್ಯೋದಯ ಬರೆಸುವುದು ನಮಗೆ ಅರ್ಥವಾಗದ ವಿಚಾರ.

ಜೈಪುರದ ವಿಧಾನ, ಅಂದರೆ ಆರಾಯಿಶ್, ಮೊದಲ ವರ್ಷಕ್ಕೆ ಬೇಡ. ಅಮೃತಶಿಲೆಯ ಪುಡಿ ಬೆರೆಸಿದ ಪದರ, ಅದರ ಮೇಲೆ ನುಣ್ಣನೆಯ ಸುಣ್ಣ, ಹಸಿಯಿರುವಾಗಲೇ ಬಣ್ಣ, ಕರಣಿಯಿಂದ ತಟ್ಟುವುದು, ಅಕೀಕ್ ಕಲ್ಲಿನಿಂದ ಉಜ್ಜಿ ಹೊಳಪು ತರುವುದು: ತಟ್ಟುವ ಬಲ ಒಂದಿಷ್ಟು ತಪ್ಪಿದರೂ ಬಣ್ಣ ಕದಡುತ್ತದೆ. ಅದರ ಬದಲು ನಮ್ಮದೇ ಉತ್ತರ ಕನ್ನಡದ ಕಾವಿ ಕಲೆಯಿಂದ ಶುರುಮಾಡಿ. ಶಿರಸಿಯ ಮಾರಿಕಾಂಬಾ ದೇವಸ್ಥಾನದಲ್ಲಿ ಇದನ್ನು ನೋಡಬಹುದು. ಬಿಳಿ ಗಾರೆಯ ಮೇಲೆ ಕೆಂಪು ಕಾವಿಯ ತೆಳು ಪದರ, ಅದನ್ನು ಹಸಿಯಿರುವಾಗ ಮೊಳೆಯಿಂದ ಕೆರೆದರೆ ಬಿಳಿ ಗೆರೆ. ಕುಂಚ ಬೇಡ, ಒಂದೇ ಬಣ್ಣ, ತಪ್ಪಿದ ಗೆರೆಗೆ ಮತ್ತೆ ಗಾರೆ ಮೆತ್ತಬಹುದು.

ಗೋಡೆಗೆ ಮೊದಲೇ ಕೈ ಹಾಕಬೇಡಿ. ಇಪ್ಪತ್ತು ಹುಡುಗಿಯರಿಗೆ ಒಂದಡಿ ಚದರದ, ಮೆರುಗಿಲ್ಲದ ಸುಟ್ಟ ಮಣ್ಣಿನ ಬಿಲ್ಲೆಗಳು ಸಾಕು. ಪ್ಲೈವುಡ್ ಬೇಡ, ನೀರು ಕುಡಿದು ಬಾಗುತ್ತದೆ, ಗಾರೆ ಚಕ್ಕೆ ಚಕ್ಕೆಯಾಗಿ ಏಳುತ್ತದೆ. ಇಪ್ಪತ್ತು ಬಿಲ್ಲೆಗಳ ಒಟ್ಟು ಹರವು ಸುಮಾರು 1.8 ಚದರ ಮೀಟರ್. ಒಂದು ಸೆಂಟಿಮೀಟರ್ ದಪ್ಪದ ಒರಟು ಪದರಕ್ಕೆ 18 ಲೀಟರ್ ತೊಳೆದ ನದಿ ಮರಳು, 6 ಲೀಟರ್ ನೆನೆದ ಸುಣ್ಣ (ನೀರಿನಲ್ಲಿ ಅರಳಿಸಿ ನೆನೆಯಿಟ್ಟದ್ದು). ಮೂರು ಮಿಲಿಮೀಟರ್ ನುಣುಪು ಪದರಕ್ಕೆ ಸುಣ್ಣ, ಅಮೃತಶಿಲೆ ಪುಡಿ ತಲಾ 4 ಲೀಟರ್. ಕಾವಿಯ ಪದರಕ್ಕೆ, ಚೆಲ್ಲಿ ಹಾಳಾಗುವುದಕ್ಕೆ ಎಲ್ಲ ಸೇರಿ 15 ಲೀಟರ್ ಸುಣ್ಣ ಕೈಯಲ್ಲಿರಲಿ. ಸಿಮೆಂಟ್ ಒಂದು ಚಮಚವೂ ಬೇಡ. ಮೇಸ್ತ್ರಿ ‘ಗಟ್ಟಿಯಾಗಲಿ’ ಎಂದು ಹಾಕಲು ಬಂದರೆ ತಡೆಯಿರಿ.

ಮೊದಲ ಶುಕ್ರವಾರ ರಾತ್ರಿ ಬಿಲ್ಲೆಗಳನ್ನು ನೀರಿನಲ್ಲಿ ಮುಳುಗಿಸಿಡಿ. ಒಣ ಬಿಲ್ಲೆ ಗಾರೆಯ ನೀರನ್ನು ಹೀರಿಬಿಡುತ್ತದೆ, ಗಾರೆ ಗಟ್ಟಿಯಾಗದೆ ಪುಡಿಯಾಗುತ್ತದೆ. ಶನಿವಾರ ಒರಟು ಪದರ ಹಾಕಿ, ಮೇಲ್ಮೈ ಗೀಚಿ, ಒದ್ದೆ ಗೋಣಿಚೀಲ ಹೊದಿಸಿ ಒಂದು ವಾರ ನೆರಳಿನಲ್ಲಿಡಿ. ಮುಂದಿನ ಶನಿವಾರ ಸಂಜೆ ಮತ್ತೆ ಚೆನ್ನಾಗಿ ನೀರುಣಿಸಿ. ಭಾನುವಾರ ಬೆಳಿಗ್ಗೆ ಆರಕ್ಕೆ ಬಿಳಿ ಪದರ. ಹೆಬ್ಬೆರಳು ಒತ್ತಿದರೆ ಗುರುತು ಮೂಡಿ ಸುಣ್ಣ ಅಂಟದಿದ್ದಾಗ ಕಾವಿ ಬೆರೆಸಿದ ಸುಣ್ಣದ ಒಂದು ಮಿಲಿಮೀಟರ್ ಪದರ. ಕಾವಿ ಪುಡಿ ಅತಿಯಾದರೆ ಅದನ್ನು ಹಿಡಿದಿಡಲು ಸುಣ್ಣ ಸಾಲುವುದಿಲ್ಲ, ಒಣಗಿದ ಮೇಲೂ ಕೈಗೆ ಕೆಂಪು ಹತ್ತುತ್ತದೆ. ನೀರಿನ ಹೊಳಪು ಆರಿದ ಮೇಲೆ ಕೆರೆಯಲು ಶುರು. ಮಳೆಗಾಲದಲ್ಲಿ ಸಂಜೆಯವರೆಗೂ ಸಮಯ ಸಿಗುತ್ತದೆ. ಏಪ್ರಿಲ್‌ನ ಧಾರವಾಡದ ಗಾಳಿಯಲ್ಲಿ ಎರಡು ತಾಸು ಸಿಕ್ಕರೆ ಪುಣ್ಯ. ಗೆರೆಯ ಅಂಚು ಚೂರು ಚೂರಾಗಿ ಸಿಡಿದರೆ ತಡವಾಯಿತು, ಮೊಳೆಯ ಹಿಂದೆ ಗಾರೆ ಎಳೆದುಕೊಂಡು ಬಂದರೆ ಅವಸರವಾಯಿತು. ಮುಗಿದ ಮೇಲೆ ಮೂರು ನಾಲ್ಕು ದಿನ ನೀರು ಚಿಮುಕಿಸಬೇಕು, ಏಕೆಂದರೆ ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಮತ್ತೆ ಕಲ್ಲಾಗಲು ತೇವ ಬೇಕು. ಇಲ್ಲಿ ಬಣ್ಣವನ್ನು ಹಿಡಿಯುವುದು ಅಂಟಲ್ಲ, ಆ ಕಲ್ಲೇ.

ಎರಡನೆಯ ಬಣ್ಣ ಬೇಕೆಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಹಳದಿ ಮಣ್ಣು, ಹಸಿರು ಮಣ್ಣು, ದೀಪದ ಕಾಡಿಗೆ ಸುಣ್ಣಕ್ಕೆ ಜಗ್ಗುವುದಿಲ್ಲ. ಪ್ರಷ್ಯನ್ ನೀಲಿ ಸುಣ್ಣದಲ್ಲಿ ಕಂದು ತಿರುಗುತ್ತದೆ. ಪೋಸ್ಟರ್ ಬಣ್ಣದ ಬಾಟಲಿಯನ್ನಂತೂ ಆ ದಿನ ಕಪಾಟಿನಲ್ಲೇ ಬೀಗ ಹಾಕಿಡಿ.

ಸುಣ್ಣ ಎಲ್ಲಿಂದ? ಸುಟ್ಟ ಸುಣ್ಣದ ಹರಳನ್ನು ಅರಳಿಸುವ ಕೆಲಸ ಮಕ್ಕಳಿಲ್ಲದ ರಜೆಯಲ್ಲಿ, ಕಬ್ಬಿಣದ ಡ್ರಮ್ಮಿನಲ್ಲಿ, ದೊಡ್ಡವರಿಂದಲೇ ಆಗಲಿ. ನೀರಿಗೆ ಸುಣ್ಣ ಹಾಕಬೇಕು, ಸುಣ್ಣದ ಮೇಲೆ ನೀರು ಸುರಿಯಬಾರದು. ಕೊತಕೊತ ಕುದಿದು ಸಿಡಿಯುತ್ತದೆ, ಪ್ಲಾಸ್ಟಿಕ್ ಬಕೆಟ್ ಕರಗಿಹೋಗುತ್ತದೆ. ಸೋಸಿ, ಮೇಲೆ ನಾಲ್ಕು ಬೆರಳು ನೀರು ನಿಲ್ಲಿಸಿ ಕನಿಷ್ಠ ಮೂರು ತಿಂಗಳು ಇಡಿ. ಅಂಗಡಿಯ ಪುಡಿ ಸುಣ್ಣ ತಂದರೆ ಒಂದು ಚಿಟಿಕೆಗೆ ನಿಂಬೆರಸ ಹಿಂಡಿ ನೋಡಿ. ಬುರಬುರ ನೊರೆ ಬಂದರೆ ಅದು ಚೀಲದಲ್ಲೇ ಗಾಳಿ ಕುಡಿದು ಸತ್ತ ಸುಣ್ಣ, ಗಾರೆಗೆ ನಾಲಾಯಕ್ಕು.

ನೆನೆದ ಸುಣ್ಣವೂ ಚರ್ಮ ಸುಡುತ್ತದೆ, ಕಣ್ಣಿಗಂತೂ ಅಪಾಯ. ಇಪ್ಪತ್ತು ಕನ್ನಡಕ, ಹುಡುಗಿಯರ ಕೈಗೆ ಹೊಂದುವ ಸಣ್ಣ ಅಳತೆಯ ರಬ್ಬರ್ ಗ್ಲೌಸ್ ಇಲ್ಲದೆ ಡ್ರಮ್ಮಿನ ಮುಚ್ಚಳ ತೆಗೆಯಬೇಡಿ. ದೊಡ್ಡ ಗ್ಲೌಸಿನೊಳಗೆ ಸುಣ್ಣದ ನೀರು ಇಳಿದರೆ ಬರಿಗೈಗಿಂತ ಕಷ್ಟ. ಬಳೆ ತೆಗೆಸಿ, ಜಡೆ ಕಟ್ಟಿಸಿ. ಕಣ್ಣಿಗೆ ಹಾರಿದರೆ ಇಪ್ಪತ್ತು ನಿಮಿಷ ಬಿಡದೆ ನೀರು ಹಾಯಿಸಿ, ನಂತರ ನೇರ ವೈದ್ಯರ ಬಳಿಗೆ. ಹಾಸ್ಟೆಲ್‌ನಲ್ಲಿ ಭಾನುವಾರ ನೀರು ಎಷ್ಟು ಹೊತ್ತಿಗೆ ನಿಲ್ಲುತ್ತದೆ ಎಂಬುದನ್ನು ವಾರ್ಡನ್‌ರಿಂದ ಮೊದಲೇ ತಿಳಿದುಕೊಳ್ಳಿ. ಉಳಿದ ಗಾರೆ ಚರಂಡಿಗೆ ಹೋದರೆ ಮರುದಿನ ಬಚ್ಚಲು ಕಟ್ಟಿಕೊಳ್ಳುತ್ತದೆ, ಆಮೇಲೆ ಕಲಾ ವಿಭಾಗಕ್ಕೆ ಉಳಿಗಾಲವಿಲ್ಲ.

ಎರಡನೆಯ ವರ್ಷ ಗೋಡೆ. ಅಡುಗೆಮನೆಯ ಹಿಂದಿನ, ನೀರಿನ ಟ್ಯಾಂಕಿನ ಕೆಳಗಿನ ಗೋಡೆ ಬೇಡ. ತೇವದ ಜೊತೆ ಉಪ್ಪು ಹೊರಬಂದು ಬಿಳಿ ಹೂವಿನಂತೆ ಅರಳಿ ಚಿತ್ರವನ್ನು ತಳ್ಳುತ್ತದೆ. ಎಮಲ್ಷನ್ ಬಳಿದ ಗೋಡೆಯಾದರೆ ಬಣ್ಣ, ಪುಟ್ಟಿ ಎರಡನ್ನೂ ಕೆತ್ತಿ ತೆಗೆಯದೆ ಗಾರೆ ಕಚ್ಚುವುದಿಲ್ಲ.

ಇನ್ನು ಕರಾರು. ಬೀಗ ಹಾಕಬಹುದಾದ, ನಲ್ಲಿಯಿರುವ, ಉತ್ತರಕ್ಕೆ ಕಿಟಕಿಯಿರುವ ಕೋಣೆಯೊಂದು ನಿಮ್ಮ ಸ್ವಂತ ಕೆಲಸಕ್ಕೆ. ವಾರದಲ್ಲಿ ಎರಡು ಪೂರ್ತಿ ಬೆಳಗುಗಳು. 40 ನಿಮಿಷದ 18ಕ್ಕಿಂತ ಹೆಚ್ಚು ಪೀರಿಯಡ್ ಬೇಡ, ಅವೂ ಜೋಡಿಯಾಗಿ. ಪ್ರದರ್ಶನಕ್ಕೆ ವರ್ಷಕ್ಕೆ ಹತ್ತು ದಿನ ಪ್ರತ್ಯೇಕ ರಜೆ. ವೇದಿಕೆ ಅಲಂಕಾರ ವರ್ಷಕ್ಕೆ ಎರಡೇ ಬಾರಿ. ಸಂಬಳದಲ್ಲಿ ಸಾವಿರ ಎರಡು ಸಾವಿರ ಬಿಡಬಹುದು, ಕೋಣೆ ಬಿಡಬಾರದು. ಅಲ್ಲಿ ನೀವು ಕೆಲಸ ಮಾಡುವಾಗ ಬಾಗಿಲು ತೆರೆದಿರಲಿ, ಹುಡುಗಿಯರು ಬಂದು ನಿಂತು ನೋಡಲಿ. ಕೆಟ್ಟ ಕ್ಯಾನ್ವಾಸನ್ನೂ ಗೋಡೆಗೆ ಒರಗಿಸಿಡಿ. ಆದರೆ ನಿಮ್ಮ ಶೈಲಿಯ ಇಪ್ಪತ್ತು ಮರಿ ನಕಲುಗಳು ಹುಟ್ಟತೊಡಗಿದರೆ ವಿಷಯ ಬದಲಿಸಿ.

ಬಹಳ ಜನ ಮರೆಯುವ ಸಾಲೊಂದಿದೆ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 17(ಸಿ) ಪ್ರಕಾರ, ಬೇರೆ ಒಪ್ಪಂದವಿಲ್ಲದಿದ್ದರೆ, ನೌಕರಿಯ ಭಾಗವಾಗಿ ಮಾಡಿದ ಕೃತಿಯ ಹಕ್ಕು ಮೊದಲು ಉದ್ಯೋಗದಾತರದು. ಶಾಲೆಯ ಕೋಣೆಯಲ್ಲಿ ಬರೆದ ನಿಮ್ಮ ಚಿತ್ರಗಳು ನೌಕರಿಯ ಭಾಗವಲ್ಲ, ಅವುಗಳ ಹಕ್ಕು ನಿಮ್ಮದೇ ಎಂದು ಸ್ಪಷ್ಟವಾಗಿ ಬರೆಸಿ. ಮಕ್ಕಳ ಚಿತ್ರಗಳು ಮಕ್ಕಳವು. ಶಾಲೆಯ ಕ್ಯಾಲೆಂಡರಿಗೆ ಬಳಸುವುದಾದರೂ ಪೋಷಕರ ಒಪ್ಪಿಗೆ ಬೇಕು. ಹುಡುಗಿಯರ ಮುಖ ಕಾಣುವ ಫೋಟೋ ನಿಮ್ಮ ಇನ್‌ಸ್ಟಾಗ್ರಾಂಗೆ ಹೋಗಬಾರದು. ಅತಿಥಿ ಕಲಾವಿದರನ್ನು ಕರೆಸಿದಾಗ ಶಾಲೆಯ ಸಿಬ್ಬಂದಿಯೊಬ್ಬರು ಜೊತೆಗಿರಲಿ.

ಕಲಾ ಕೋಣೆಯಲ್ಲಿ ಮಕ್ಕಳು ತರಗತಿಯಲ್ಲಿ ಆಡದ ಮಾತು ಆಡುತ್ತಾರೆ. ಚಿತ್ರವೊಂದನ್ನು ನೋಡಿ ನೀವೇ ಏನೇನೋ ಊಹಿಸಬೇಡಿ. ಆದರೆ ಲೈಂಗಿಕ ದೌರ್ಜನ್ಯದ ಬಗ್ಗೆ ಹುಡುಗಿಯೇ ಬಾಯಿಬಿಟ್ಟರೆ, 2012ರ ಪೋಕ್ಸೋ ಕಾಯ್ದೆಯಡಿ ಅದನ್ನು ಪೊಲೀಸರಿಗೆ ತಿಳಿಸುವುದು ನಿಮ್ಮ ಕಾನೂನುಬದ್ಧ ಹೊಣೆ. ಮುಖ್ಯೋಪಾಧ್ಯಾಯಿನಿಗೆ ಹೇಳಿದರೆ ಮುಗಿಯಿತು ಎಂದುಕೊಳ್ಳುವಂತಿಲ್ಲ.

— ಸಂ.