ಗೇರ್‌ಬಾಕ್ಸ್ ಬಿಚ್ಚಿಸುವ ಮುನ್ನ

ಪ್ರಶ್ನೆ: ನಮ್ಮದು ಏಳು ಆಸನಗಳ ಡೀಸೆಲ್ ಎಸ್‌ಯುವಿ. ಟಾರ್ಕ್ ಕನ್ವರ್ಟರ್ ಇರುವ ಆರು ಗೇರಿನ ಆಟೋಮ್ಯಾಟಿಕ್. 90 ಸಾವಿರ ಕಿ.ಮೀ. ಓಡಿದೆ. 60ರಿಂದ 80ರ ವೇಗದಲ್ಲಿ ಆಕ್ಸಿಲರೇಟರನ್ನು ಹಗುರವಾಗಿ ಒತ್ತಿ ಹಿಡಿದರೆ ಗಾಡಿ ಸಣ್ಣಗೆ ನಡುಗುತ್ತದೆ. ಬೇಸಿಗೆಯ ಮಧ್ಯಾಹ್ನ ಅದಿರು ಲಾರಿಗಳ ಹಿಂದೆ ತೋರಣಗಲ್ಲಿನಿಂದ ಬಂದು ಮನೆ ಮುಂದೆ ರಿವರ್ಸ್ ಹಾಕಿದರೆ ಗೇರ್ ತಡವಾಗಿ, ಧಡ್ಡನೆ ಬೀಳುತ್ತದೆ. ಬೆಳಿಗ್ಗೆ ಏನೂ ತೊಂದರೆಯಿಲ್ಲ. ಗೇರ್‌ಬಾಕ್ಸನ್ನೇ ಬದಲಿಸಬೇಕೆಂದು ಗ್ಯಾರೇಜಿನವರು ಹೇಳುತ್ತಾರೆ. ಗೇರ್ ಆಯಿಲನ್ನು ಇದುವರೆಗೆ ಬದಲಿಸಿಲ್ಲ.
– ಓದುಗರೊಬ್ಬರು, ಸಂಡೂರು

ಉತ್ತರ: ಮಾನ್ಯರೆ, ಇಷ್ಟು ಲಕ್ಷಣಗಳನ್ನು ಮಾತ್ರ ನೋಡಿ ಗೇರ್‌ಬಾಕ್ಸ್ ಬದಲಿಸಲು ಒಪ್ಪಬೇಡಿ. ತಣ್ಣಗಿರುವಾಗ ಸರಿಯಿದ್ದು ಕಾದ ಮೇಲೆ ಕೆಡುವ ಗೇರ್‌ಬಾಕ್ಸಿನಲ್ಲಿ ಮೊದಲು ಅನುಮಾನಿಸಬೇಕಾದದ್ದು ಅದರ ಆಯಿಲನ್ನು. ಆಟೋಮ್ಯಾಟಿಕ್ ಗೇರ್‌ಬಾಕ್ಸಿನಲ್ಲಿ ಆಯಿಲ್ ಬರೀ ಜಾರಿಕೆಗಾಗಿ ಇರುವುದಲ್ಲ. ಕ್ಲಚ್‌ಗಳನ್ನು ಒತ್ತಿ ಹಿಡಿಯುವ ಒತ್ತಡವೂ ಅದರದ್ದೇ. ಅದು ಹಳತಾಗಿ, ಕಾದು ತೆಳುವಾದಾಗ ಸವೆದ ಸೀಲುಗಳ ಮತ್ತು ವಾಲ್ವ್‌ಬಾಡಿಯ (ಆಯಿಲನ್ನು ಬೇಕಾದ ಕ್ಲಚ್‌ಗೆ ಹರಿಸುವ ಕವಾಟಗಳ ಕಟ್ಟು) ಸಂದುಗಳಲ್ಲಿ ಸೋರಿ ಒತ್ತಡ ಇಳಿಯುತ್ತದೆ, ರಿವರ್ಸ್ ತಡವಾಗುತ್ತದೆ. ಎಂಜಿನ್ನಿನ ಶಕ್ತಿಯನ್ನು ಆಯಿಲ್ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಭಾಗವೇ ಟಾರ್ಕ್ ಕನ್ವರ್ಟರ್; ಅದರೊಳಗಿನ ಲಾಕ್‌ಅಪ್ ಕ್ಲಚ್ ಎರಡನ್ನೂ ನೇರವಾಗಿ ಬೆಸೆಯುತ್ತದೆ. 60–80ರ ನಡುಕವಾದರೋ ಬಹುಮಟ್ಟಿಗೆ ಆ ಕ್ಲಚ್ ಹಿಡಿದು ಜಾರುವುದರಿಂದ ಬರುವಂಥದ್ದು.

ಆದರೆ ಡೀಸೆಲ್ ಇಂಜೆಕ್ಟರ್ ಕೆಟ್ಟರೂ, ಎಂಜಿನ್ ಮೌಂಟ್ (ಎಂಜಿನ್ನನ್ನು ಹಿಡಿದಿರುವ ಆಸರೆ) ಸಡಿಲವಾದರೂ ಗಾಡಿ ನಡುಗುತ್ತದೆ. ಇದನ್ನು ಬೇರ್ಪಡಿಸಲು ಮೆಕ್ಯಾನಿಕ್ ಗಾಡಿಯ ಕಂಪ್ಯೂಟರನ್ನು ಓದುವ ಸ್ಕ್ಯಾನರ್ ಜೋಡಿಸಿ, ನಡುಕ ಬರುವ ವೇಗದಲ್ಲಿ ನಿಮ್ಮೊಂದಿಗೆ ಗಾಡಿಯಲ್ಲಿ ಕೂರಬೇಕು. ಲಾಕ್‌ಅಪ್ ಹಿಡಿದಿರುವಾಗ ಎಂಜಿನ್ನಿನ ಆರ್‌ಪಿಎಂಗೂ ಗೇರ್‌ಬಾಕ್ಸಿನ ಟರ್ಬೈನ್ (ಕನ್ವರ್ಟರಿನಲ್ಲಿ ಗೇರ್‌ಬಾಕ್ಸಿನ ಕಡೆ ತಿರುಗುವ ಚಕ್ರ) ಆರ್‌ಪಿಎಂಗೂ ವ್ಯತ್ಯಾಸ ಅತ್ಯಲ್ಪವಾಗಿ, ಸ್ಥಿರವಾಗಿರಬೇಕು. ನಡುಗುವ ಹೊತ್ತಿಗೆ ಸರಿಯಾಗಿ ಆ ವ್ಯತ್ಯಾಸ ಏರಿಳಿದರೆ ದೋಷ ಕನ್ವರ್ಟರಿನ ಕಡೆಗಿದೆ. ಅದು ಅಲುಗದೆ ಗಾಡಿ ಮಾತ್ರ ನಡುಗಿದರೆ ಎಂಜಿನ್ನನ್ನೂ ಮೌಂಟ್‌ಗಳನ್ನೂ ನೋಡಿಸಿ. ಗ್ಯಾರೇಜಿನ ಅಂಗಳದಲ್ಲಿ ನಿಲ್ಲಿಸಿಕೊಂಡು ಮಾಡಿದ ಪರೀಕ್ಷೆಯಲ್ಲಿ ಇದು ಗೊತ್ತಾಗುವುದಿಲ್ಲ. ಸ್ಕ್ಯಾನರ್ ತೋರಿಸುವ ದೋಷದ ಕೋಡ್‌ಗಳ ವಿಷಯದಲ್ಲೂ ಎಚ್ಚರವಿರಲಿ: ಪಿ0700 ಎಂದರೆ ಗೇರ್‌ಬಾಕ್ಸಿನ ಕಂಪ್ಯೂಟರಿನಲ್ಲಿ ಬೇರೊಂದು ಕೋಡ್ ಇದೆ ಎಂಬ ಸೂಚನೆ ಮಾತ್ರ. ಅಗ್ಗದ ಸ್ಕ್ಯಾನರ್ ಅಲ್ಲಿಗೇ ನಿಂತುಬಿಡಬಹುದು. ಪಿ0741 ಲಾಕ್‌ಅಪ್ ಹಿಡಿಯದಿರುವುದನ್ನೂ, ಪಿ0218 ಅತಿಯಾದ ಕಾವನ್ನೂ ಹೇಳುತ್ತದೆ.

ಆಯಿಲ್ ಮಟ್ಟವನ್ನು ಎಂಜಿನ್ ಆಯಿಲಿನಂತೆ ನೋಡಲಾಗದು. ಹೆಚ್ಚಿನ ಗಾಡಿಗಳಲ್ಲಿ ಎಂಜಿನ್ ಓಡುತ್ತಿರಬೇಕು, ಆಯಿಲ್ ತಯಾರಕರು ಹೇಳಿದ ಉಷ್ಣತೆಯಲ್ಲಿರಬೇಕು. ಅಳತೆ ಕಡ್ಡಿ ಇಲ್ಲದಿದ್ದರೆ ಗಾಡಿಯನ್ನು ಸಮತಟ್ಟಾಗಿ ಎತ್ತಿ, ಅಳತೆಯ ಪ್ಲಗ್ ಬಿಚ್ಚಿ ನೋಡಬೇಕು. ಮಟ್ಟ ಹೆಚ್ಚಾದರೂ ಆಯಿಲ್ ನೊರೆಯೆದ್ದು ಒತ್ತಡ ತಪ್ಪುತ್ತದೆ. ಕಂದು ಬಣ್ಣಕ್ಕೆ ಹೆದರಬೇಕಾಗಿಲ್ಲ. ಕಪ್ಪಾಗಿ ಸುಟ್ಟ ವಾಸನೆ ಬಂದರೆ ಕ್ಲಚ್ ಬೆಂದಿರುವ ಸಾಧ್ಯತೆಯುಂಟು. ಹಾಲು ಬೆರೆಸಿದಂತೆ ತಿಳಿಗುಲಾಬಿಯಾಗಿದ್ದರೆ ರೇಡಿಯೇಟರಿನ ಕೂಲಂಟ್ ಒಳಗೆ ಸೇರಿರಬಹುದು, ಅಂಥ ಗಾಡಿಯನ್ನು ಮುಂದೆ ಓಡಿಸಲೇಬಾರದು. ತಳದ ಪ್ಯಾನಿನ ಆಯಸ್ಕಾಂತಕ್ಕೆ ನುಣುಪಾದ ಬೂದು ಕೆಸರು ಅಂಟುವುದು ಸಹಜ. ಬೆರಳಿಗೆ ಚುಚ್ಚುವ ಲೋಹದ ಚೂರುಗಳು ಸಹಜವಲ್ಲ. ಚೂರುಗಳು ಸಿಕ್ಕರೆ ಗ್ಯಾರೇಜಿನವರ ಮಾತಿಗೆ ತೂಕ ಬರುತ್ತದೆ.

ನಿಮ್ಮ ಊರಿಗೇ ಸಂಬಂಧಿಸಿದ ಇನ್ನೊಂದು ಮಾತಿದೆ. ಅದಿರಿನ ಕೆಂಪು ಧೂಳು ಎಸಿ ಕಂಡೆನ್ಸರಿಗೂ ರೇಡಿಯೇಟರಿಗೂ ನಡುವಿನ ಸಂದಿನಲ್ಲಿ ಮೆತ್ತಿಕೊಂಡು ಗಾಳಿಯನ್ನು ತಡೆಯುತ್ತದೆ. ಗೇರ್ ಆಯಿಲ್ ತಂಪಾಗುವುದೂ ಆ ಗಾಳಿಯನ್ನೇ ನಂಬಿಕೊಂಡಿದೆ. ಬಳ್ಳಾರಿ ಸೀಮೆಯಲ್ಲಿ ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುವಾಗ ಎಸಿ ಹಾಕಿಕೊಂಡು ಲಾರಿಗಳ ಹಿಂದೆ ತೆವಳಿದರೆ ಕಾವು ಏರುವುದು ನಿಶ್ಚಯ. ಹೊರಗಿನಿಂದ ಜಾಲರಿ ಶುಭ್ರವಾಗಿ ಕಂಡರೆ ಸಾಲದು; ನಡುವಿನ ಸಂದನ್ನು ತೆರೆಸಿ, ಎಂಜಿನ್ ಕಡೆಯಿಂದ ಹಗುರ ಒತ್ತಡದ ನೀರು ಬಿಟ್ಟು ತೊಳೆಸಿ.

ಆಯಿಲ್ ಜೀವನಪರ್ಯಂತ ಸಾಕೆಂಬ ಮಾತನ್ನು ನಾನಂತೂ ನಂಬುವುದಿಲ್ಲ. ಅನೇಕ ಕೈಪಿಡಿಗಳಲ್ಲಿ ಧೂಳು, ಬಿಸಿಲು, ಘಾಟಿ ರಸ್ತೆಯ ಕಠಿಣ ಬಳಕೆಗೆಂದೇ ಬೇರೆ ಅವಧಿ ಇರುತ್ತದೆ, ಆ ಪುಟವನ್ನು ಹುಡುಕಿ. ಚೂರುಗಳೂ ಸುಟ್ಟ ವಾಸನೆಯೂ ಇಲ್ಲವೆಂದಾದರೆ, ತಯಾರಕರು ಹೆಸರಿಸಿದ ದರ್ಜೆಯ ಆಯಿಲನ್ನೇ, ಫಿಲ್ಟರ್ ಬದಲಿಸಬಹುದಾದಲ್ಲಿ ಫಿಲ್ಟರನ್ನೂ ಹೊಸದಾಗಿ ಹಾಕಿಸಿ. ಒಮ್ಮೆ ಇಳಿಸಿದರೆ ಕನ್ವರ್ಟರಿನಲ್ಲಿ ಹಳೆಯದು ಉಳಿದಿರುತ್ತದೆಯಾದ್ದರಿಂದ, ಕೆಲವು ನೂರು ಕಿ.ಮೀ. ಓಡಿಸಿ ಇನ್ನೊಮ್ಮೆ ಬದಲಿಸುವುದು ಲೇಸು. ಅಷ್ಟಾದರೂ ನಡುಕ ನಿಲ್ಲದಿದ್ದರೆ ಆಯಿಲ್ ಒತ್ತಡವನ್ನು ಅಳೆಯಿಸಿ, ಸೊಲೆನಾಯ್ಡ್ (ಆಯಿಲಿನ ಹರಿವನ್ನು ನಿಯಂತ್ರಿಸುವ ವಿದ್ಯುತ್ ಕವಾಟ), ವಾಲ್ವ್‌ಬಾಡಿ, ಕನ್ವರ್ಟರ್‌ಗಳನ್ನು ಪರೀಕ್ಷಿಸಲಿ. ಇಡೀ ಗೇರ್‌ಬಾಕ್ಸಿನ ಮಾತು ಆಮೇಲಿನದು.

ಪ್ರಶ್ನೆ: ನಮ್ಮ ಆಟೋಮ್ಯಾಟಿಕ್ ಎಸ್‌ಯುವಿ ಮಳೆಯಲ್ಲಿ ಹೋಗುವಾಗ ಎಚ್ಚರಿಕೆಯ ದೀಪ ಹೊತ್ತಿ ಒಂದೇ ಗೇರಿನಲ್ಲಿ ನಿಂತುಬಿಟ್ಟಿತು. ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದಾಗ ಸರಿಹೋಯಿತು. ಪೂರ್ತಿ ನಿಂತರೆ ಟ್ರ್ಯಾಕ್ಟರಿಗೆ ಕಟ್ಟಿ ಎಳೆಸಬಹುದೇ?
– ಓದುಗರೊಬ್ಬರು, ಲಿಂಗಸುಗೂರು

ಉತ್ತರ: ಎಳೆಸಬೇಡಿ. ಸಾಮಾನ್ಯವಾಗಿ ಗೇರ್‌ಬಾಕ್ಸಿನ ಪಂಪ್ ಎಂಜಿನ್ನಿನಿಂದ ತಿರುಗುವಂಥದ್ದು. ಎಂಜಿನ್ ಆಫ್ ಆಗಿ ಚಕ್ರಗಳು ಮಾತ್ರ ಉರುಳಿದರೆ ಒಳಗೆ ಆಯಿಲ್ ಹರಿಯದೆ ಬೇರಿಂಗ್‌ಗಳು ಸವೆಯುತ್ತವೆ. ನಾಲ್ಕೂ ಚಕ್ರ ಮೇಲಿರುವಂತೆ ಗಾಡಿಯನ್ನು ಲಾರಿಯ ಮೇಲೇರಿಸಿ ಸಾಗಿಸಿ. ಒಂದೇ ಗೇರಿಗೆ ನಿಂತದ್ದು ದೋಷ ಕಂಡ ಕಂಪ್ಯೂಟರ್ ಗೇರ್‌ಬಾಕ್ಸನ್ನು ಉಳಿಸಲು ಮಾಡಿಕೊಂಡ ಏರ್ಪಾಡು. ಮಳೆಯಲ್ಲಿ ಆದದ್ದರಿಂದ ವೈರಿಂಗ್ ಕನೆಕ್ಟರ್‌ಗೆ ನೀರು ಹೊಕ್ಕಿದೆಯೇ, ಬ್ಯಾಟರಿಯ ವೋಲ್ಟೇಜ್ ಇಳಿದಿದೆಯೇ ಎಂಬುದನ್ನು ಮೊದಲು ನೋಡಿಸಿ. ಕೋಡ್‌ಗಳನ್ನು ಓದಿ ಬರೆದಿಟ್ಟುಕೊಳ್ಳುವವರೆಗೆ ಅಳಿಸಲು ಬಿಡಬೇಡಿ.