ಓದುಗರ ಪ್ರಶ್ನೆ: ದರೋಜಿಯಲ್ಲಿ ಕರಡಿಯಲ್ಲದೆ ಇನ್ನೇನಿದೆ?

ಪ್ರಶ್ನೆ: ಚಳಿಗಾಲದ ರಜೆಯಲ್ಲಿ ಮಕ್ಕಳೊಂದಿಗೆ ಹಂಪಿಗೆ ಹೋಗುವವರಿದ್ದೇವೆ. ಒಂದು ದಿನ ದರೋಜಿ ಕರಡಿಧಾಮವನ್ನೂ ನೋಡುವ ಆಸೆಯಿದೆ. ಬೆಳಿಗ್ಗೆ ಹೋಗಬೇಕೋ, ಸಂಜೆಯೋ? ಕರಡಿಗಳನ್ನು ಬಿಟ್ಟರೆ ಅಲ್ಲಿ ಏನು ಕಾಣಸಿಗುತ್ತದೆ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಮಧ್ಯಾಹ್ನವೇ ಹೊರಡಿ. ಕರಡಿಯು ಬಿಸಿಲಿನ ಹೊತ್ತನ್ನು ಬಂಡೆಗಳ ನಡುವಿನ ಗವಿಯಲ್ಲಿ ಕಳೆದು, ಬಿಸಿಲಿಳಿದ ಮೇಲೆ ಆಹಾರ ಹುಡುಕಿ ಹೊರಬೀಳುವ ಪ್ರಾಣಿಯಾದ್ದರಿಂದ ಪ್ರವಾಸಿಗರಿಗೆ ಪ್ರವೇಶವಿರುವುದೂ ಮಧ್ಯಾಹ್ನದಿಂದ ಸಂಜೆಯವರೆಗೆ. ಕಮಲಾಪುರದ ಸಮೀಪದ ಈ ಧಾಮವನ್ನು 1994ರಲ್ಲಿ ಕರಡಿಗಳಿಗೆಂದೇ ಘೋಷಿಸಲಾಯಿತು.

ವೀಕ್ಷಣಾ ಗೋಪುರದ ಎದುರಿನ ಬಂಡೆಗಳಿಗೆ ಅರಣ್ಯ ಸಿಬ್ಬಂದಿ ಬೆಲ್ಲದ ಪಾಕ ಸವರುವ ವಾಡಿಕೆಯಿದ್ದು, ಅದನ್ನು ನೆಕ್ಕಲು ಕರಡಿಗಳು ಗುಡ್ಡದಿಂದ ಇಳಿದು ಬರುತ್ತವೆ. ಮಕ್ಕಳಿಗೆ ಆ ದೃಶ್ಯ ಖಂಡಿತ ಹಿಡಿಸುತ್ತದೆ. ಆದರೆ ಕರಡಿಯ ನಿಜವಾದ ಬದುಕು ಇರುವುದು ಗೆದ್ದಲಿನ ಹುತ್ತದ ಬಳಿ ಎಂಬುದನ್ನು ಅವರಿಗೆ ತಿಳಿಸಿಹೇಳಿ. ಉದ್ದನೆಯ ಉಗುರುಗಳಿಂದ ಹುತ್ತವನ್ನು ಬಗೆದು, ಮಣ್ಣನ್ನು ಊದಿ ತೆಗೆದು, ತುಟಿಗಳನ್ನು ಕೊಳವೆಯಂತೆ ಮುಂದೆ ಚಾಚಿ ಅದು ಗೆದ್ದಲನ್ನು ಹೀರಿಕೊಳ್ಳುತ್ತದೆ. ಮೇಲ್ದವಡೆಯ ನಡುವಿನ ಎರಡು ಬಾಚಿಹಲ್ಲುಗಳು ಅದಕ್ಕಿಲ್ಲದಿರುವುದು ಈ ಹೀರುವಿಕೆಗೆ ಅನುಕೂಲ. ಮಣ್ಣು ಒಳಸೇರದಂತೆ ಮೂಗಿನ ಹೊಳ್ಳೆಗಳನ್ನೂ ಮುಚ್ಚಿಕೊಳ್ಳಬಲ್ಲದು. ತಾಯಿ ಕರಡಿ ಮರಿಗಳನ್ನು ಬೆನ್ನಮೇಲೆ ಹೊತ್ತು ತಿರುಗುತ್ತದೆ. ಮರಿಗಳು ಹುಟ್ಟುವುದು ಹೆಚ್ಚಾಗಿ ಚಳಿಗಾಲದಲ್ಲಿ ಮತ್ತು ಮೊದಲ ಕೆಲವು ವಾರ ಅವು ಗವಿಯಲ್ಲೇ ಇರುತ್ತವೆ. ಹಾಗಾಗಿ ಎಳೆಮರಿಗಳ ಸವಾರಿ ನೋಡುವುದೇ ಮುಖ್ಯವೆನಿಸಿದರೆ ಬೇಸಿಗೆಯ ಆರಂಭಕ್ಕೆ ಪ್ರವಾಸವನ್ನು ಮುಂದೂಡುವುದು ಮೇಲು.

ನಿಮ್ಮ ಎರಡನೆಯ ಪ್ರಶ್ನೆ ನನಗೆ ಬಹಳ ಸಂತೋಷ ತಂದಿತು, ಏಕೆಂದರೆ ಕರಡಿ ಕಂಡ ಕೂಡಲೇ ಗೋಪುರ ಇಳಿದು ಹೋಗುವವರೇ ಹೆಚ್ಚು. ನನ್ನ ಮಟ್ಟಿಗೆ ಇಲ್ಲಿನ ಅತಿ ಅಮೂಲ್ಯ ಹಕ್ಕಿಯೆಂದರೆ ಹಳದಿ ಕೊರಳಿನ ಪಿಕಳಾರ. ದಕ್ಷಿಣ ಭಾರತದ ಕುರುಚಲು ಕಾಡಿನ ಕಲ್ಲುಗುಡ್ಡಗಳನ್ನು ಬಿಟ್ಟರೆ ಜಗತ್ತಿನ ಬೇರೆಲ್ಲಿಯೂ ಇರದ ಈ ಹಕ್ಕಿಗೆ ಕಲ್ಲುಗಣಿಗಾರಿಕೆ ದೊಡ್ಡ ಕಂಟಕವಾಗಿದೆ; ಗುಡ್ಡ ಕರಗಿದರೆ ಅದಕ್ಕೆ ಹೋಗಲು ಬೇರೆ ನೆಲೆಯಿಲ್ಲ. ಪೇಂಟೆಡ್ ಸ್ಪರ್‌ಫೌಲ್ ಎಂಬ ಕಾಡುಕೋಳಿಯಂಥ ಹಕ್ಕಿಯೂ ಇಲ್ಲಿದೆ. ಗಂಡಿನ ಕಂದುಗೆಂಪು ಮೈಮೇಲೆ ಬಿಳಿ ಚುಕ್ಕೆಗಳಿರುತ್ತವೆ. ಸಂಕೋಚದ ಹಕ್ಕಿಯಾದ ಅದು ಮಾತಿನ ಸದ್ದಾದರೆ ಪೊದೆ ಸೇರಿಬಿಡುತ್ತದೆ. ನವಿಲುಗಳಂತೂ ಧಾರಾಳ. ಉಡ, ನಕ್ಷತ್ರ ಆಮೆಗಳೂ ಇವೆಯಾದರೂ ಕಾಣುವುದು ಅದೃಷ್ಟದ ಮಾತು.

ಗೋಪುರದಿಂದ ಬಂಡೆಗಳು ದೂರವಿರುವುದರಿಂದ ದುರ್ಬೀನು ಜೊತೆಗಿರಲಿ. ಕರಡಿಗೆ ದೃಷ್ಟಿ ಮಂದ. ಹತ್ತಿರದಲ್ಲಿ ಹಠಾತ್ತನೆ ಮನುಷ್ಯ ಎದುರಾದರೆ ಬೆದರಿ ಮೇಲೆರಗುತ್ತದೆ. ಆದ್ದರಿಂದ ದಾರಿಯಲ್ಲಿ ಎಂಥ ಹಕ್ಕಿ ಕಂಡರೂ ಸಿಬ್ಬಂದಿಯ ಅನುಮತಿಯಿಲ್ಲದೆ ವಾಹನದಿಂದ ಇಳಿಯಬೇಡಿ, ಮಕ್ಕಳನ್ನೂ ಇಳಿಯಗೊಡಬೇಡಿ.