ವೈದ್ಯರಿಗೊಂದು ಪತ್ರ: ಮದುವೆಗೆ ಮೊದಲೋ, ಮದುವೆಯ ನಂತರವೋ?

ಪ್ರಶ್ನೆ: ನನಗೆ 28 ವರ್ಷ, ಊರು ತೀರ್ಥಹಳ್ಳಿ ತಾಲ್ಲೂಕು. ನಾಲ್ಕು ವರ್ಷಗಳ ಹಿಂದೆ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಗ, ಚಪ್ಪಟೆಯಾಗಿದ್ದ ಮೂಗನ್ನು ಎತ್ತರಿಸಲು ಒಂದು ಕ್ಲಿನಿಕ್ಕಿನಲ್ಲಿ ಸಿಲಿಕೋನ್ ತುಂಡು ಇಡಿಸಿಕೊಂಡೆ. ಮೂರು ವರ್ಷ ಯಾವ ತೊಂದರೆಯೂ ಇರಲಿಲ್ಲ. ಕಳೆದ ವರ್ಷದಿಂದ ಮೂಗು ಬಲಕ್ಕೆ ವಾಲಿದಂತೆ ಕಾಣುತ್ತಿದೆ, ತುದಿ ಮೇಲಕ್ಕೆ ಎಳೆದುಕೊಂಡಿದೆ. ಈ ಮಳೆಗಾಲದಲ್ಲಿ ತುದಿಯ ಮೇಲೆ ಕುಂಕುಮದ ಬೊಟ್ಟಿನಷ್ಟು ಕೆಂಪು ಕಲೆ ಎದ್ದಿದೆ. ಎರಡು ಸಲ ಊದಿಕೊಂಡು, ಮಾತ್ರೆ ನುಂಗಿದ ಮೇಲೆ ಇಳಿಯಿತು. ದೊಡ್ಡಮ್ಮ ಅರಿಶಿನದ ಕೊಂಬು ತೇದು ಹಚ್ಚುತ್ತಿದ್ದಾರೆ. ಮಾಘದಲ್ಲಿ ನನ್ನ ಮದುವೆ. ಮೂಗು ಚುಚ್ಚಿಸಿ ಮೂಗುಬೊಟ್ಟು ಇಡಲೇಬೇಕೆಂದು ಗಂಡಿನ ಮನೆಯವರು ಹೇಳಿದ್ದಾರೆ. ಆಪರೇಷನ್ನಿನ ವಿಷಯ ಅವರಿಗೆ ಗೊತ್ತಿಲ್ಲ. ಮದುವೆ ಮುಗಿಯುವವರೆಗೆ ಮಾತ್ರೆಯಲ್ಲೇ ದಿನ ದೂಡಬಹುದೇ? ಆಮೇಲೆ ಹಳೆಯದನ್ನು ತೆಗೆಸಿ ಇನ್ನೂ ಒಳ್ಳೆಯ ಕಂಪನಿಯ ತುಂಡು ಹಾಕಿಸಿಕೊಳ್ಳಬಹುದೇ?

ಉತ್ತರ: ಪತ್ರ ಓದಿ ಮೂಗು ಪರೀಕ್ಷಿಸಲು ಯಾವ ವೈದ್ಯನಿಂದಲೂ ಆಗದು. ಆದರೂ ನೀವು ಬರೆದಿರುವ ಲಕ್ಷಣಗಳನ್ನು ಒಟ್ಟಿಗೆ ನೋಡಿದರೆ, ಮದುವೆಯವರೆಗೆ ಕಾಯುವುದು ಬೇಡ, ಈ ತಿಂಗಳಲ್ಲೇ ತಜ್ಞರಿಗೆ ತೋರಿಸಿ ಎಂದು ಹೇಳದೆ ವಿಧಿಯಿಲ್ಲ.

ಸಿಲಿಕೋನ್ ನಮ್ಮ ಅಂಗಾಂಶದೊಂದಿಗೆ ಬೆಸೆದುಕೊಳ್ಳುವುದಿಲ್ಲ. ದೇಹವು ಅದರ ಸುತ್ತ ತೆಳುವಾದ ಚೀಲದಂಥ ಪೊರೆಯನ್ನು ಕಟ್ಟಿ ಅದನ್ನು ಬೇರೆಯಾಗಿಯೇ ಇಡುತ್ತದೆ. ಆ ಪೊರೆ ವರ್ಷಗಳ ಮೇಲೆ ಬಿಗಿದುಕೊಂಡರೆ ತುಂಡು ಒಂದು ಬದಿಗೆ ಸರಿಯುತ್ತದೆ, ಮೂಗು ಗಿಡ್ಡವಾಗಿ ತುದಿ ಮೇಲಕ್ಕೆ ಏಳುತ್ತದೆ. ನಿಮಗೆ ಆಗಿರುವುದು ಇದೇ ಇರಬೇಕು. ಇಷ್ಟೇ ಆಗಿದ್ದರೆ ನಾನು ಅವಸರಪಡಿಸುತ್ತಿರಲಿಲ್ಲ. ನನ್ನ ಆತಂಕವಿರುವುದು ಆ ಕುಂಕುಮದ ಬೊಟ್ಟಿನ ಬಗ್ಗೆ. ಒಳಗಿನ ತುಂಡು ತುದಿಯ ಚರ್ಮವನ್ನು ಹಗಲಿರುಳು ಒತ್ತುತ್ತಿದ್ದರೆ ಅಲ್ಲಿ ರಕ್ತಸಂಚಾರ ಕುಂಠಿತವಾಗಿ, ಚರ್ಮ ಮೊದಲು ಕೆಂಪಾಗಿ, ಆಮೇಲೆ ಹಾಳೆಯಂತೆ ತೆಳುವಾಗಿ, ಕೊನೆಗೆ ಹರಿದು ತುಂಡೇ ಹೊರಗೆ ಇಣುಕುವುದುಂಟು.

ಎರಡು ಸಲ ಊದಿ ಇಳಿದದ್ದನ್ನು ವಾಸಿಯಾಯಿತೆಂದು ತಿಳಿಯಬೇಡಿ. ಮಳೆಗಾಲದಲ್ಲಿ ನಿಮ್ಮ ಮನೆಯಂಗಳದ ಕಲ್ಲಿಗೆ ಹಿಡಿಯುವ ಹಾವಸೆಯನ್ನು ನೆನಪಿಸಿಕೊಳ್ಳಿ. ಎಷ್ಟು ನೀರು ಸುರಿದರೂ ಅದು ಹೋಗುವುದಿಲ್ಲ, ಉಜ್ಜಿಯೇ ತೆಗೆಯಬೇಕು. ಕೃತಕ ತುಂಡಿನ ಮೈಮೇಲೆ ಬ್ಯಾಕ್ಟೀರಿಯಾಗಳು ಕಟ್ಟಿಕೊಳ್ಳುವ ಲೋಳೆಯೂ ಹಾಗೆಯೇ. ರಕ್ತದ ಮೂಲಕ ಬರುವ ಆಂಟಿಬಯಾಟಿಕ್ ಸುತ್ತಲಿನ ಊತವನ್ನು ಇಳಿಸುತ್ತದೆ, ಆದರೆ ರಕ್ತನಾಳವೇ ಇಲ್ಲದ ಸಿಲಿಕೋನಿಗೆ ಅಂಟಿದ ಲೋಳೆಯನ್ನು ಪೂರ್ತಿ ಕೊಲ್ಲಲಾರದು. ಮಾತ್ರೆ ನಿಲ್ಲಿಸಿದಾಗ ಅದು ಮತ್ತೆ ಚಿಗುರುತ್ತದೆ. ಆದ್ದರಿಂದ ಸೋಂಕು ತಗುಲಿದ ತುಂಡನ್ನು ಸಾಮಾನ್ಯವಾಗಿ ತೆಗೆದೇ ಚಿಕಿತ್ಸೆ ಮಾಡಬೇಕಾಗುತ್ತದೆ. ದೊಡ್ಡಮ್ಮನವರ ಅಕ್ಕರೆಗೆ ನಮಸ್ಕಾರ ಹೇಳಿ, ಅರಿಶಿನವನ್ನು ಇವತ್ತೇ ನಿಲ್ಲಿಸಿ. ಅದರ ಬಣ್ಣ ಚರ್ಮದ ನಿಜವಾದ ಸ್ಥಿತಿಯನ್ನು ಮುಚ್ಚಿಬಿಡುತ್ತದೆ, ತೇಯುವ ಕಲ್ಲೂ ನೀರೂ ಶುದ್ಧವಾಗಿರುತ್ತವೆ ಎನ್ನುವ ಹಾಗಿಲ್ಲ. ಊದಿದ ಭಾಗವನ್ನು ಒತ್ತಿ ಹಿಂಡಬೇಡಿ. ಮೂಗಿನ ಸುತ್ತಲಿನ ಅಭಿಧಮನಿಗಳಿಗೆ ಮೆದುಳಿನ ತಳದ ರಕ್ತನಾಳಗಳ ಸಂಪರ್ಕವಿದೆ. ಜ್ವರ, ಕಣ್ಣಿನ ಸುತ್ತ ಬಾವು, ವಿಪರೀತ ತಲೆನೋವು ಬಂದರೆ ಗಡಿಯಾರ ನೋಡದೆ, ರಾತ್ರಿಯಾದರೂ ಸರಿ, ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಂಥ ದೊಡ್ಡ ಆಸ್ಪತ್ರೆಗೆ ಹೊರಡಿ.

ಇನ್ನು ಮದುವೆಯ ಲೆಕ್ಕ. ಮಾಘಕ್ಕೆ ಇನ್ನೂ ಕೆಲವು ತಿಂಗಳಿವೆ. ತುಂಡನ್ನು ತೆಗೆಯುವುದು ಮತ್ತು ಮೂಗನ್ನು ಮತ್ತೆ ಕಟ್ಟುವುದು ಎರಡು ಬೇರೆ ಕೆಲಸಗಳು. ನಿಮ್ಮ ಗೊಂದಲವೆಲ್ಲ ಇವೆರಡನ್ನೂ ಒಂದೇ ಎಂದು ಭಾವಿಸಿದ್ದರಿಂದ ಹುಟ್ಟಿದೆ. ಸಿಲಿಕೋನ್ ಬೆಸೆದುಕೊಳ್ಳದಿರುವುದು ಇಲ್ಲಿ ಮಾತ್ರ ಅನುಕೂಲ: ಹೊಳ್ಳೆಯ ಒಳಗಡೆಯ ಸಣ್ಣ ಕೊಯ್ತದಿಂದ ಅದು ಸಾಮಾನ್ಯವಾಗಿ ಸಲೀಸಾಗಿ ಹೊರಬರುತ್ತದೆ. (ರಂಧ್ರಗಳಿರುವ ಪಾಲಿಎಥಿಲೀನಿನ ಮೆಡ್‌ಪೋರ್ ಆಗಿದ್ದರೆ ಅದರೊಳಗೆ ಅಂಗಾಂಶ ಬೆಳೆದು, ಬಿಡಿಸುವುದೇ ದೊಡ್ಡ ಹೋರಾಟವಾಗುತ್ತಿತ್ತು.) ಸೋಂಕಿದ್ದರೆ ತೆಗೆದು, ತೊಳೆದು, ಕೀವಿನಲ್ಲಿರುವ ಬ್ಯಾಕ್ಟೀರಿಯಾ ಯಾವುದೆಂದು ತಿಳಿಯಲು ಕಲ್ಚರ್ ಪರೀಕ್ಷೆಗೆ ಕಳಿಸಿ, ಅಂಗಾಂಶ ಮೆತ್ತಗಾಗುವವರೆಗೆ, ಹೆಚ್ಚಾಗಿ ಆರು ತಿಂಗಳಿಂದ ಒಂದು ವರ್ಷ, ಕಾಯುವುದು ಹಳೆಯ, ಸುರಕ್ಷಿತ ಕ್ರಮ. ಸೋಂಕಿಲ್ಲದಿದ್ದರೆ ಅದೇ ಸಲ ರೋಗಿಯ ಸ್ವಂತ ಮೃದ್ವಸ್ಥಿಯಿಂದ (ಕಿವಿಯಲ್ಲಿರುವಂಥ ಬಾಗುವ ಮೆದು ಎಲುಬಿನಿಂದ) ಕಟ್ಟುವವರೂ ಇದ್ದಾರೆ. ಎರಡು ಸಲ ಊದಿದ ನಿಮ್ಮ ಮೂಗಿಗೆ ನಾನಾಗಿದ್ದರೆ ಈಗ ತೆಗೆದು, ಕಟ್ಟುವ ಮಾತನ್ನು ಮದುವೆಯ ನಂತರಕ್ಕೆ ಇಡುತ್ತಿದ್ದೆ. ಧಾರೆಯ ಹೊತ್ತಿಗೆ ಮೂಗು ಮೊದಲಿನಂತೆ ಚಪ್ಪಟೆಯಾಗಿ, ಬಹುಶಃ ಮೊದಲಿಗಿಂತ ತುಸು ತಗ್ಗಾಗಿಯೇ ಕಾಣಬಹುದು ಎಂಬುದನ್ನು ಮುಚ್ಚಿಡುವುದಿಲ್ಲ. ಆದರೆ ಚರ್ಮ ಉಳಿದಿರುತ್ತದೆ.

ಚರ್ಮದ ಬಗ್ಗೆ ಇಷ್ಟು ಹಟ ಹಿಡಿಯುವುದಕ್ಕೆ ಕಾರಣವಿದೆ. ಮೂಳೆಯಂಥದ್ದನ್ನು ಬೇರೆ ಕಡೆಯಿಂದ ತರಬಹುದು, ಮೂಗಿನ ತುದಿಯ ಚರ್ಮಕ್ಕೆ ಸಮನಾದ ಚರ್ಮವನ್ನು ತರುವುದು ಕಷ್ಟ. ಮೂರನೇ ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಸೈನಿಕರ ಕೈಗೆ ಸಿಕ್ಕಿ ಮೂಗು ಕೊಯ್ಯಿಸಿಕೊಂಡ ಕವಾಸ್ಜಿ ಎಂಬ ಎತ್ತಿನ ಗಾಡಿಯವನಿಗೆ ಪುಣೆಯಲ್ಲಿ ಹಣೆಯ ಚರ್ಮವನ್ನು ಇಳಿಸಿ ಹೊಸ ಮೂಗು ಕಟ್ಟಿದ ವರದಿ 1794ರ ಅಕ್ಟೋಬರ್‌ನಲ್ಲಿ ಲಂಡನ್ನಿನ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ಅದನ್ನು ಅನುಸರಿಸಿ ಕಾರ್‌ಪ್ಯೂ ಎಂಬ ಶಸ್ತ್ರವೈದ್ಯ 1814ರಲ್ಲಿ ಇಂಗ್ಲೆಂಡಿನಲ್ಲಿ ಅದೇ ಶಸ್ತ್ರಚಿಕಿತ್ಸೆ ಮಾಡಿದ. ಇನ್ನೂರು ವರ್ಷಗಳ ಮೇಲೂ, ತುದಿಯ ಚರ್ಮ ದೊಡ್ಡದಾಗಿ ಹೋದರೆ ನಾವು ಕೈ ಹಾಕುವುದು ಅದೇ ಹಣೆಗೆ. ಹಣೆಯ ಮೇಲೆ ಉದ್ದದ ಗಾಯದ ಗೆರೆ ಉಳಿಯುತ್ತದೆ. ಅಲ್ಲಿಯವರೆಗೆ ಹೋಗುವುದು ಬೇಡ.

ಮತ್ತೊಂದು ಕೃತಕ ತುಂಡು ಬೇಡವೇ ಬೇಡ, ಕಂಪನಿ ಯಾವುದೇ ಇರಲಿ. ಒಮ್ಮೆ ಕೆಟ್ಟ ಜಾಗದಲ್ಲಿ ಮತ್ತೆ ಪರಕೀಯ ವಸ್ತು ಇಟ್ಟರೆ ಸೋಂಕಿನ ಭಯ ಹೆಚ್ಚು. ಮೂಗಿನ ನಡುಗೋಡೆಯಲ್ಲಿ ಅಥವಾ ಕಿವಿಯ ಬಟ್ಟಲಿನಲ್ಲಿ ಸಿಗುವ ಮೃದ್ವಸ್ಥಿ ಸಣ್ಣಪುಟ್ಟ ತಿದ್ದುಪಡಿಗೆ ಸಾಕು. ಕುಗ್ಗಿದ ಮೂಗನ್ನು ಉದ್ದಮಾಡಿ ಎತ್ತರಿಸಬೇಕಾದರೆ ಪಕ್ಕೆಲುಬಿನದೇ ಬೇಕು, ಸಾಮಾನ್ಯವಾಗಿ ಆರನೆಯ ಅಥವಾ ಏಳನೆಯ ಎಲುಬಿನ ತುದಿಯದು. ಹೆಂಗಸರಲ್ಲಿ ಆ ಕೊಯ್ತವನ್ನು ಎದೆಯ ಕೆಳಮಡಿಕೆಯಲ್ಲಿ ಮರೆಮಾಡುತ್ತಾರೆ. ಕೆಲವು ದಿನ ಕೆಮ್ಮಿದಾಗ, ನಕ್ಕಾಗ ನೋವಿರುತ್ತದೆ. ಅಪರೂಪಕ್ಕೆ ಶ್ವಾಸಕೋಶದ ಪೊರೆಗೆ ತಾಗುವ ಅಪಾಯವೂ ಇದೆ. ಇನ್ನೊಂದು ಕಿರಿಕಿರಿ ಅದು ಬಾಗುವುದು. ಅಡಿಕೆ ದಬ್ಬೆಯ ಒಂದೇ ಮಗ್ಗುಲನ್ನು ಹೆರೆದು ಬಿಟ್ಟರೆ ಒಣಗುವಾಗ ಅದು ಹೇಗೆ ಸೊಟ್ಟಗಾಗುತ್ತದೆಂದು ನಿಮ್ಮ ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲ. ಪಕ್ಕೆಲುಬಿನ ಮೃದ್ವಸ್ಥಿಯೂ ಹೀಗೆಯೇ ವರ್ತಿಸುತ್ತದೆಂದು, ಎರಡು ಮಗ್ಗುಲನ್ನೂ ಸಮನಾಗಿ ಕೆತ್ತಬೇಕೆಂದು 1958ರಲ್ಲಿ ಗಿಬ್ಸನ್ ಮತ್ತು ಡೇವಿಸ್ ತೋರಿಸಿಕೊಟ್ಟರು. ತಜ್ಞರ ಬಳಿ ಹೋದಾಗ ‘ಬಾಗದಂತೆ ಏನು ಮಾಡುತ್ತೀರಿ?’ ಎಂದು ಕೇಳಿ. ಉತ್ತರ ಕೊಡಲು ಬೇಸರಪಡುವವರ ಮೇಜಿನ ಮೇಲೆ ನಾನಂತೂ ಮಲಗುವುದಿಲ್ಲ.

ಮೂಗನ್ನು ಈಗ ಚುಚ್ಚಿಸಬೇಡಿ. ಸೋಂಕಿಗೆ ಹೊಸ ಬಾಗಿಲು ತೆರೆದಂತಾಗುತ್ತದೆ. ಗಾಯ ಮಾಗಿದೆಯೆಂದು ತಜ್ಞರು ಒಪ್ಪಿದರೆ, ಚುಚ್ಚದೆ ಸಿಕ್ಕಿಸುವ ಮೂಗುಬೊಟ್ಟನ್ನು ಧಾರೆಯ ಹೊತ್ತಿಗಷ್ಟೇ ಇಟ್ಟುಕೊಳ್ಳಬಹುದು. ಗಂಡಿನ ಮನೆಯವರಿಗೆ ಹೇಳುವುದು ಬಿಡುವುದು ನಿಮ್ಮ ಇಷ್ಟ, ಆದರೆ ಮದುವೆಯಾಗುವ ಹುಡುಗನಿಗಾದರೂ ಹೇಳಿದರೆ ಮುಂದಿನ ಆಪರೇಷನ್ನಿಗೆ ಆಸ್ಪತ್ರೆಯಲ್ಲಿ ಜೊತೆಗೆ ಕೂರಲು ಒಬ್ಬರು ಸಿಕ್ಕಂತಾಗುತ್ತದೆ. ಮನೆಯಲ್ಲಿ ಕವಳದ ಅಭ್ಯಾಸವಿದ್ದು ನೀವೂ ಹೊಗೆಸೊಪ್ಪು ಹಾಕುವವರಾದರೆ ಆಪರೇಷನ್ನಿಗೆ ಒಂದು ತಿಂಗಳು ಮೊದಲೇ ಬಿಡಿ. ನಿಕೋಟಿನ್ ಚರ್ಮದ ಸಣ್ಣ ರಕ್ತನಾಳಗಳನ್ನು ಹಿಚುಕುತ್ತದೆ.

ಪ್ರಶ್ನೆ: ನನ್ನ ತಂಗಿಗೂ ಇಂಥದೇ ತೊಂದರೆಯಾಗಿ ಎರಡನೇ ಆಪರೇಷನ್ ಆಗಬೇಕಿದೆ. ಮೊದಲು ಆಪರೇಷನ್ ಮಾಡಿದ ಕ್ಲಿನಿಕ್ಕಿನವರು ಕಾಗದಪತ್ರ ಕೊಡದೆ ಸತಾಯಿಸುತ್ತಿದ್ದಾರೆ. ವಿಮೆಯ ಹಣ ಬರುತ್ತದೆಯೇ? (ಸಾಗರದ ಓದುಗರು)

ಉತ್ತರ: ಬಾಯಿಮಾತಿನಲ್ಲಿ ಕೇಳಬೇಡಿ, ನಿಮ್ಮ ತಂಗಿಯೇ ಬರವಣಿಗೆಯಲ್ಲಿ ಕೇಳಿ ಸ್ವೀಕೃತಿ ಪಡೆಯಲಿ. 2002ರ ವೈದ್ಯ ವೃತ್ತಿ ನಡತೆಯ ನಿಯಮಾವಳಿಯ ಪ್ರಕಾರ ರೋಗಿ ಕೇಳಿದ 72 ಗಂಟೆಗಳೊಳಗೆ ದಾಖಲೆಗಳನ್ನು ಒದಗಿಸಬೇಕು. ಒಳರೋಗಿಗಳ ದಾಖಲೆಯನ್ನು ಚಿಕಿತ್ಸೆ ಆರಂಭವಾದಾಗಿನಿಂದ ಮೂರು ವರ್ಷ ಇಟ್ಟಿರಬೇಕು. ಮೂರು ವರ್ಷ ತುಂಬುತ್ತಿದ್ದರೆ ತಡಮಾಡಬೇಡಿ. ಮುಖ್ಯವಾಗಿ ಬೇಕಾದದ್ದು ಆಪರೇಷನ್ ಟಿಪ್ಪಣಿ ಮತ್ತು ತುಂಡಿನ ಡಬ್ಬಿಯ ಮೇಲಿರುವ ಸ್ಟಿಕ್ಕರ್. ಆ ಸ್ಟಿಕ್ಕರಿನಲ್ಲಿ ವಸ್ತು ಯಾವುದು, ಅಳತೆ ಎಷ್ಟು ಎಂಬುದು ಇರುತ್ತದೆ. ಅದು ಕೈಯಲ್ಲಿದ್ದರೆ ಎರಡನೆಯ ವೈದ್ಯರಿಗೆ ಅರ್ಧ ಊಹೆಯ ಕೆಲಸ ತಪ್ಪುತ್ತದೆ. ನಿರ್ಲಕ್ಷ್ಯದ ದೂರು ಕೊಡುವ ಯೋಚನೆಯಿದ್ದರೆ, ಗ್ರಾಹಕರ ಆಯೋಗಕ್ಕೆ ಹೋಗಲು ಸಾಮಾನ್ಯವಾಗಿ ಎರಡು ವರ್ಷಗಳ ಗಡುವಿದೆ. ತೊಡಕು ಬಂದ ಮಾತ್ರಕ್ಕೆ ನಿರ್ಲಕ್ಷ್ಯವಾಯಿತೆಂದು ಅರ್ಥವಲ್ಲ, ಅದನ್ನೂ ನೆನಪಿಡಿ.

ವಿಮೆಯ ಪಾಲಿಸಿಗಳು ರೂಪ ಬದಲಿಸುವ ಚಿಕಿತ್ಸೆಯನ್ನು ಹೊರಗಿಡುತ್ತವೆ. ಆದರೆ ಆರೋಗ್ಯಕ್ಕೆ ನೇರವಾದ, ಕೂಡಲೇ ಎದುರಾಗುವ ಅಪಾಯವನ್ನು ನಿವಾರಿಸಲು ಅಗತ್ಯವೆಂದು ಚಿಕಿತ್ಸೆ ಮಾಡುವ ವೈದ್ಯರು ಪ್ರಮಾಣೀಕರಿಸಿದರೆ ವಿನಾಯಿತಿಗೆ ಅವಕಾಶವಿದೆ. ಹೀಗಾಗಿ ಸೋಂಕಿತ ತುಂಡನ್ನು ತೆಗೆಯುವ ಖರ್ಚಿಗೆ ಅರ್ಜಿ ಹಾಕಿ, ಕಟ್ಟುವ ಖರ್ಚನ್ನು ಮಾತ್ರ ಕೈಯಿಂದಲೇ ಹಾಕಬೇಕಾಗಬಹುದೆಂದು ಲೆಕ್ಕವಿಟ್ಟುಕೊಳ್ಳಿ.

ಪ್ರಶ್ನೆ: ತುಂಡು ತೆಗೆಸಿದ ಮೇಲೆ ಮೂಗಿನ ಮೇಲೆ ತಗ್ಗು ಉಳಿದಿದೆ. ಬ್ಯೂಟಿ ಪಾರ್ಲರಿನವರು ಫಿಲ್ಲರ್ (ತಗ್ಗು ತುಂಬಿಸಲು ಚರ್ಮದಡಿ ಚುಚ್ಚುವ ಅಂಟಿನಂಥ ವಸ್ತು) ಇಂಜೆಕ್ಷನ್ ಕೊಟ್ಟು ಹತ್ತೇ ನಿಮಿಷದಲ್ಲಿ ಸರಿಮಾಡುತ್ತೇವೆ ಎನ್ನುತ್ತಾರೆ. (ಭದ್ರಾವತಿಯ ಓದುಗರು)

ಉತ್ತರ: ಬೇಡ. ಒಮ್ಮೆ ಶಸ್ತ್ರಚಿಕಿತ್ಸೆಯಾದ ಮೂಗಿನಲ್ಲಿ ರಕ್ತನಾಳಗಳು ಇರಬೇಕಾದ ಜಾಗದಲ್ಲಿ ಇರುವುದಿಲ್ಲ, ಗಾಯದ ಅಂಗಾಂಶಕ್ಕೆ ಅಂಟಿಕೊಂಡಿರುತ್ತವೆ. ಫಿಲ್ಲರ್ ಅವುಗಳೊಳಗೆ ಹೊಕ್ಕರೆ ಚರ್ಮ ಕೊಳೆಯಬಹುದು; ಮೂಗಿನ ರಕ್ತನಾಳಗಳಿಗೆ ಕಣ್ಣಿನ ರಕ್ತನಾಳಗಳ ನಂಟಿರುವುದರಿಂದ ದೃಷ್ಟಿಯೇ ಹೋಗಬಹುದು. ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್. ಎಂಬ ಉನ್ನತ ಪದವಿ ಪಡೆದವರನ್ನು ಅಥವಾ ಮರುಶಸ್ತ್ರಚಿಕಿತ್ಸೆಯಲ್ಲಿ ಪಳಗಿದ ಕಿವಿ-ಮೂಗು-ಗಂಟಲು ತಜ್ಞರನ್ನು ಕಾಣಿ, ಹೋಗುವಾಗ ಮೊದಲ ಆಪರೇಷನ್ನಿಗೂ ಮುಂಚಿನ ಒಂದು ಫೋಟೋ ಇದ್ದರೆ ತೆಗೆದುಕೊಂಡು ಹೋಗಿ.